ಎಲ್ಲರ ರೆಕಾರ್ಡಿನಲ್ಲೂ 9.8 ಬಂದರೆ, ಅಳೆದವರು ಯಾರು?

ಹೋದ ತಿಂಗಳು ನಮ್ಮ ಜಿಲ್ಲೆಯ ಒಂದು ಪಿಯು ಕಾಲೇಜಿಗೆ ನೀರಿನ ಟ್ಯಾಂಕಿನ ಸುದ್ದಿ ಮಾಡಲು ಹೋಗಿದ್ದೆವು. ಪ್ರಿನ್ಸಿಪಾಲರು ಮೀಟಿಂಗಿನಲ್ಲಿದ್ದರು. ಅಟೆಂಡರ್ ನಮ್ಮನ್ನು ಫಿಸಿಕ್ಸ್ ಲ್ಯಾಬಿನಲ್ಲಿ ಕೂರಿಸಿ, ಫ್ಯಾನ್ ಹಾಕಿ, ಟೀ ತರಲು ಹೋದರು. ಎದುರಿನ ಮೇಜಿನ ಮೇಲೆ ಪ್ರಥಮ ಪಿಯು ಮಕ್ಕಳ ರೆಕಾರ್ಡ್ ಪುಸ್ತಕಗಳ ರಾಶಿ ಇತ್ತು. ಕೈ ಸುಮ್ಮನಿರಲಿಲ್ಲ. ಒಂದು ತೆಗೆದು ನೋಡಿದೆವು, ಇನ್ನೊಂದು ತೆಗೆದೆವು, ಹೀಗೆ ಹತ್ತು ನೋಡಿದೆವು.

ಎಲ್ಲದರಲ್ಲೂ ಸರಳ ಲೋಲಕದ ಪ್ರಯೋಗ. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ, ಎಷ್ಟು ಹೊತ್ತಿಗೆ ಎಷ್ಟು ಸಲ ಹೋಗಿ ಬಂತು ಎಂದು ಲೆಕ್ಕ ಹಾಕಿ, ಭೂಮಿ ವಸ್ತುಗಳನ್ನು ಎಷ್ಟು ಜೋರಾಗಿ ಸೆಳೆಯುತ್ತದೆ ಎಂದು ಕಂಡುಹಿಡಿಯುವುದು. ಪಿಯುಸಿ ಸೈನ್ಸ್ ಓದಿದವರಿಗೆಲ್ಲ ಇದು ಗೊತ್ತು. ಒಂಬತ್ತು ಪುಸ್ತಕಗಳಲ್ಲಿ ಉತ್ತರ 9.8. ಉತ್ತರ ಮಾತ್ರವಲ್ಲ, ಒಳಗಿನ ರೀಡಿಂಗುಗಳೂ ಒಂದೇ. ದಶಾಂಶ ಬಿಂದುವಿನ ನಂತರದ ಅಂಕಿ ಸಮೇತ ಒಂದೇ. ಒಂಬತ್ತು ಮಕ್ಕಳು ಒಂಬತ್ತು ಸಲ ಗುಂಡು ತೂಗಾಡಿಸಿದರೂ ಒಂದು ಸೆಕೆಂಡಿನ ಹತ್ತನೇ ಭಾಗವೂ ವ್ಯತ್ಯಾಸ ಬರಲಿಲ್ಲವಂತೆ!

ಹತ್ತನೆಯದರಲ್ಲಿ ಮಾತ್ರ 9.42 ಅಂತ ಇತ್ತು. ಅದರ ಸುತ್ತ ಕೆಂಪು ಇಂಕಿನಲ್ಲಿ ದೊಡ್ಡ ಸೊನ್ನೆ ಸುತ್ತಿ, ಪಕ್ಕದಲ್ಲಿ 'ತಪ್ಪು. ತಿದ್ದಿ ಬರೆ' ಎಂದು ಬರೆದಿತ್ತು.

ಟೀ ಬರುವ ತನಕ ಆ ಹತ್ತನೇ ಪುಸ್ತಕವನ್ನೇ ನೋಡುತ್ತ ಕೂತೆವು. ಆ ಹುಡುಗ ಒಂದು ಮೀಟರ್ ಉದ್ದದ ದಾರ ಕಟ್ಟಿ, 20 ಸಲ ಹೋಗಿ ಬರಲು ಎಷ್ಟು ಸೆಕೆಂಡ್ ಎಂದು ಐದು ಬಾರಿ ಅಳೆದಿದ್ದ. ಅವನ ಐದು ರೀಡಿಂಗು ಇವು: 40.1, 40.3, 39.9, 44.2, 40.2.

ನೀವೂ ಒಂದು ಕ್ಷಣ ನಿಂತು ನೋಡಿ. ಸೈನ್ಸ್ ಓದಿರಬೇಕಿಲ್ಲ. ಐದರಲ್ಲಿ ಯಾವುದೋ ಒಂದು ಬೇರೆ ಥರ ಇದೆ ಅಲ್ಲವೇ? ನಾಲ್ಕು ಅಳತೆ 40ರ ಆಸುಪಾಸು. ಒಂದು ಮಾತ್ರ 44.2. ಒಂದು ಮೀಟರ್ ದಾರಕ್ಕೆ ಒಂದು ಸಲ ಹೋಗಿ ಬರಲು ಹೆಚ್ಚುಕಡಿಮೆ 2 ಸೆಕೆಂಡ್ ಬೇಕು. ಅಂದರೆ ಆ ಒಂದು ಸಲ ಹುಡುಗ 20ರ ಬದಲು 22 ಎಣಿಸಿಬಿಟ್ಟಿದ್ದಾನೆ. ಎಣಿಸುವಾಗ ಯಾರೋ ಮಾತಾಡಿಸಿರಬೇಕು. ಆ ಒಂದನ್ನು ಬಿಟ್ಟು ಉಳಿದ ನಾಲ್ಕರ ಸರಾಸರಿ ತೆಗೆದು ಮೊಬೈಲಿನಲ್ಲೇ ಲೆಕ್ಕ ಹಾಕಿ ನೋಡಿದೆವು. 9.81 ಬಂತು.

ಅಂದರೆ ಆ ಹತ್ತು ಪುಸ್ತಕಗಳಲ್ಲಿ ನಿಜವಾಗಿ ಗುಂಡು ತೂಗಾಡಿಸಿ ಅಳೆದದ್ದು ಖಚಿತವಾಗಿ ಕಾಣುತ್ತಿದ್ದುದು ಒಂದರಲ್ಲಿ. ಕೆಂಪು ಇಂಕು ಬಿದ್ದದ್ದೂ ಅದೊಂದಕ್ಕೇ.

ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗನೇ ಸಿಕ್ಕ. ಪುಸ್ತಕದ ಮೇಲಿನ ಹೆಸರು ನೆನಪಿತ್ತು, ಅವನ ಗೆಳೆಯರು ಕೂಗಿದಾಗ ಗುರುತು ಹತ್ತಿತು. ಹೆಸರು ಇಲ್ಲಿ ಬೇಡ. ಊರಿನಿಂದ ದಿನಾ ಎರಡು ಬಸ್ ಬದಲಿಸಿ ಬರುವ ಹುಡುಗ. ಮನೆಯಲ್ಲಿ ಎರಡು ಹಸು, ಒಂದೂವರೆ ಎಕರೆ ರಾಗಿ ಹೊಲ. "ತಿದ್ದಿ ಬರೆದೆಯೇನಪ್ಪಾ?" ಎಂದು ಕೇಳಿದೆವು. ಅವನು ನಕ್ಕ.

"ಬರೆದೆ ಸಾರ್. ಈಗ ತಲೆನೋವಿಲ್ಲ. ಮೊದಲು ಉತ್ತರ ಬರ್ಕೊಂಡುಬಿಡ್ತೀನಿ, ಆಮೇಲೆ ಅದಕ್ಕೆ ಸರಿಯಾಗಿ ರೀಡಿಂಗ್ ಹಾಕ್ತೀನಿ."

ಈ ಒಂದು ಮಾತಿಗಾಗಿ ಈ ಲೇಖನ. ಹದಿನಾರು ವರ್ಷದ ಹುಡುಗ ಕಾಲೇಜಿಗೆ ಸೇರಿ ಆರು ತಿಂಗಳಲ್ಲಿ ಕಲಿತದ್ದು ಇದು. ವಿಜ್ಞಾನದ ಹೆಸರಿನಲ್ಲಿ, ವಿಜ್ಞಾನಕ್ಕೆ ತೀರ ಉಲ್ಟಾ ಆದ ಪಾಠ.

ಅವನನ್ನು ದೂರುವ ಯೋಗ್ಯತೆ ನಮಗಿಲ್ಲ. ನಾವೂ ಪಿಯುಸಿಯಲ್ಲಿ ಸೈನ್ಸ್ ಓದಿಯೇ ಆಮೇಲೆ ಪತ್ರಿಕೋದ್ಯಮ ಡಿಪ್ಲೊಮಾಕ್ಕೆ ಬಂದವರು. ನಮ್ಮ ರೆಕಾರ್ಡಿನಲ್ಲೂ 9.8 ಇತ್ತು. ಸೀನಿಯರ್ ಒಬ್ಬರಿಂದ ಪುಸ್ತಕ ತಂದು, ರಾತ್ರಿ ಲಾಟೀನು ಹಚ್ಚಿಕೊಂಡು ಇಳಿಸಿದ್ದೆವು. ಕೆಮಿಸ್ಟ್ರಿಯಲ್ಲಿ ಬ್ಯುರೆಟ್ ರೀಡಿಂಗು ಮೂರು ಸಲವೂ ಒಂದೇ ಬರಬೇಕು ಎಂದು ಮೂರನ್ನೂ ಒಂದೇ ಬರೆದಿದ್ದೆವು. ಲವಣ ಯಾವುದು ಎಂದು ಮೊದಲೇ ಪಿಸುಗುಟ್ಟಿ ತಿಳಿದುಕೊಂಡು, ಪರೀಕ್ಷೆಗಳನ್ನು ಆಮೇಲೆ 'ಮಾಡಿದ್ದೆವು'. ಒಳ್ಳೆಯ ಮಾರ್ಕ್ಸೇ ಬಂತು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ಹಾಗಾದರೆ ನಮ್ಮ ಪ್ರಾಕ್ಟಿಕಲ್ ಪರೀಕ್ಷೆ ಅಳೆಯುತ್ತಿರುವುದು ಏನನ್ನು?

ದ್ವಿತೀಯ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಒಂದೊಂದಕ್ಕೂ ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30 ಅಂಕ. ನೂರರಲ್ಲಿ ಮೂವತ್ತು ಸಣ್ಣದಲ್ಲ. ಸೂತ್ರ ಬರೆದರೆ ಇಷ್ಟು, ಚಿತ್ರ ಬರೆದರೆ ಇಷ್ಟು, ರೀಡಿಂಗ್ ತೋರಿಸಿದರೆ ಇಷ್ಟು, ಉತ್ತರ ಸರಿ ಬಂದರೆ ಇಷ್ಟು, ರೆಕಾರ್ಡಿಗೆ ಇಷ್ಟು, ವೈವಾಕ್ಕೆ ಇಷ್ಟು ಎಂದು ಹಂಚಿಕೆ ಇರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ ಅಂಕ. ಪಟ್ಟಿ ನೋಡಿದರೆ ಎಲ್ಲವೂ ಇದ್ದಂತೆ ಕಾಣುತ್ತದೆ. ಆದರೆ ನಾವು ಮಾತಾಡಿಸಿದ ಯಾವ ಮಗುವಿಗೂ ಇಂಥ ಪ್ರಶ್ನೆ ಬಂದಿರಲಿಲ್ಲ: 'ಈ ಐದು ರೀಡಿಂಗುಗಳಲ್ಲಿ ನಿನಗೆ ಯಾವುದರ ಮೇಲೆ ಅನುಮಾನ? ಯಾಕೆ? ಈಗ ಏನು ಮಾಡುತ್ತೀ?'

ಈ ಮೂರು ಪ್ರಶ್ನೆಗಳಲ್ಲೇ ವಿಜ್ಞಾನದ ವಿಧಾನ ಇದೆ. ಉಳಿದದ್ದು ಬಾಯಿಪಾಠ.

ಇನ್ನೊಂದು ವಿಷಯ. ಎಲ್ಲರೂ ನಿಜವಾಗಿ ಅಳೆದಿದ್ದರೆ ಎಲ್ಲರಿಗೂ ಒಂದೇ ಉತ್ತರ ಬರಲು ಸಾಧ್ಯವೇ ಇಲ್ಲ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವಾಗ ಸೆಕೆಂಡಿನ ಹತ್ತನೇ ಒಂದೆರಡು ಭಾಗ ಆಚೀಚೆ ಆಗೇ ಆಗುತ್ತದೆ. 40 ಸೆಕೆಂಡಿನ ಅಳತೆಯಲ್ಲಿ ಅಷ್ಟು ವ್ಯತ್ಯಾಸ ಬಂದರೆ ಉತ್ತರ 9.7ರಿಂದ 9.9ರವರೆಗೆ ಓಲಾಡುತ್ತದೆ. ಒಬ್ಬಳಿಗೆ 9.72, ಇನ್ನೊಬ್ಬನಿಗೆ 9.86 ಬರುವುದೇ ಸಹಜ. ಸಂತೆಯಲ್ಲಿ ಹತ್ತು ಜನ ಹತ್ತು ತಕ್ಕಡಿಯಲ್ಲಿ ಹಿಡಿ ಹುಣಸೆಹಣ್ಣು ತೂಗಿ ಎಲ್ಲರಿಗೂ ಒಂದೇ ತೂಕ ಬಂತು ಎಂದರೆ ನೀವು ನಂಬುತ್ತೀರಾ? ಲ್ಯಾಬಿನಲ್ಲಿ ಮಾತ್ರ ನಾವು ಅದನ್ನು ನಂಬಿ 'ವೆರಿಗುಡ್' ಬರೆಯುತ್ತೇವೆ.

ಒಂದು ಹಳೆಯ ಕತೆ ಹೇಳಬೇಕು. ಇಂಗ್ಲೆಂಡಿನಲ್ಲಿ ಲಾರ್ಡ್ ರೇಲಿ ಎಂಬ ವಿಜ್ಞಾನಿ ನೈಟ್ರೋಜನ್ ಅನಿಲವನ್ನು ತೂಗುತ್ತಿದ್ದರು. ಗಾಳಿಯಿಂದ ತೆಗೆದ ನೈಟ್ರೋಜನ್ ಒಂದು ತೂಕ, ಅಮೋನಿಯಾದಂಥ ರಾಸಾಯನಿಕದಿಂದ ತಯಾರಿಸಿದ ನೈಟ್ರೋಜನ್ ಇನ್ನೊಂದು ತೂಕ. ವ್ಯತ್ಯಾಸ ಎಷ್ಟು ಗೊತ್ತೇ? ನೂರಕ್ಕೆ ಅರ್ಧ. ನಮ್ಮ ಲ್ಯಾಬಿನಲ್ಲಾಗಿದ್ದರೆ 'ತಿದ್ದಿ ಬರೆ' ಎನ್ನುವುದಕ್ಕೂ ಮೊದಲೇ ಹುಡುಗರು ತಿದ್ದಿಬಿಡುತ್ತಿದ್ದರು. ರೇಲಿ ತಿದ್ದಲಿಲ್ಲ. ಮತ್ತೆ ಮತ್ತೆ ತೂಗಿದರು. ಪ್ರತಿ ಸಲವೂ ಅದೇ ಅರ್ಧ. ತನಗೆ ತಿಳಿಯುತ್ತಿಲ್ಲ, ತಿಳಿದವರು ಹೇಳಿ ಎಂದು ಪತ್ರಿಕೆಗೆ ಬರೆದರು. ಕೊನೆಗೆ ರಾಮ್ಸೆ ಎಂಬ ಇನ್ನೊಬ್ಬ ವಿಜ್ಞಾನಿಯೂ ಸೇರಿ ಹುಡುಕಿದಾಗ, ಗಾಳಿಯಲ್ಲಿ ಅದುವರೆಗೆ ಯಾರಿಗೂ ಗೊತ್ತಿರದ ಒಂದು ಅನಿಲ ಅಡಗಿ ಕೂತಿರುವುದು 1894ರಲ್ಲಿ ಹೊರಬಿತ್ತು. ಅದೇ ಆರ್ಗಾನ್. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಅದೇ. ಇವತ್ತು ನಮ್ಮ ಪೇಟೆಯ ವೆಲ್ಡಿಂಗ್ ಅಂಗಡಿಗಳಲ್ಲಿ ಸ್ಟೀಲಿನ ಕೆಲಸಕ್ಕೆ ಸಿಲಿಂಡರಿನಲ್ಲಿ ಇಟ್ಟುಕೊಳ್ಳುವುದು ಅದನ್ನೇ. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ರೇಲಿಗೆ ಭೌತಶಾಸ್ತ್ರದಲ್ಲಿ, ರಾಮ್ಸೆಗೆ ರಸಾಯನಶಾಸ್ತ್ರದಲ್ಲಿ.

ಲೆಕ್ಕಕ್ಕೆ ಹೊಂದದ ಒಂದು ಅಳತೆಯನ್ನು ಮುಚ್ಚಿಹಾಕದೆ ಇದ್ದದ್ದಕ್ಕೆ ಸಿಕ್ಕ ಫಲ ಅದು. ನಮ್ಮ ಹುಡುಗನ 44.2ರ ಹಿಂದೆ ನೊಬೆಲ್ ಇರಲಿಲ್ಲ, ಎರಡು ಸಲ ಹೆಚ್ಚಿಗೆ ಎಣಿಸಿದ ತಪ್ಪಿತ್ತು ಅಷ್ಟೇ. ಆದರೆ ಆ ತಪ್ಪನ್ನು ಅವನೇ ಹುಡುಕಿ ಹಿಡಿದಿದ್ದರೆ ಅವನಿಗೆ ಜನ್ಮಕ್ಕೆ ಆಗುವ ಪಾಠ ಸಿಗುತ್ತಿತ್ತು.

'ಇದೆಲ್ಲ ಕಾಲೇಜಿನ ವಿಷಯ, ನಮಗೇನು?' ಎಂದು ನೀವು ಕೇಳಬಹುದು. ನಮಗೇ ಬೇಕಾದದ್ದು ಇದು. ಹಳ್ಳಿಯಲ್ಲಿ ಬದುಕುವವರಿಗೆ ದಿನ ಬೆಳಗಾದರೆ ಯಾರೋ ಅಳೆದ ಅಂಕಿಯ ಮೇಲೇ ದುಡ್ಡು ಬರುವುದು, ಹೋಗುವುದು.

ಡೈರಿಯನ್ನೇ ತೆಗೆದುಕೊಳ್ಳಿ. ಹಾಲಿನ ರೇಟು ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ ನಿಂತಿದೆ. ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡುತ್ತಾರೆ. ಕರೆದ ಹಾಲನ್ನು ಬಿಸಿ ಆರುವ ಮೊದಲೇ ಅಳೆದರೆ ಡಿಗ್ರಿ ಕಮ್ಮಿ ತೋರಿಸುತ್ತದೆ. ಬಿಸಿ ಹಾಲು ತೆಳುವಾಗಿರುವುದರಿಂದ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗುತ್ತದೆ. ಹಾಗಾಗಿ ಹಾಲಿನ ಉಷ್ಣಾಂಶವನ್ನೂ ನೋಡಿ ಲೆಕ್ಕ ಸರಿಪಡಿಸಬೇಕು. ಕ್ಯಾನನ್ನು ಚೆನ್ನಾಗಿ ಕಲಕದೆ ಮೇಲಿನಿಂದ ಸ್ಯಾಂಪಲ್ ತೆಗೆದರೆ ಕೆನೆ ಬಂದು ಫ್ಯಾಟ್ ಜಾಸ್ತಿ ತೋರಿಸುತ್ತದೆ. ಈಗ ಅನೇಕ ಡೈರಿಗಳಲ್ಲಿ ಯಂತ್ರವೇ ಬಂದಿದೆ. ಆ ಯಂತ್ರವನ್ನೂ ತೊಳೆಯಬೇಕು, ಆಗಾಗ ತಾಳೆ ನೋಡಬೇಕು. 'ನಿಮ್ಮ ಹಾಲಿಗೆ ನೀರು ಬಿದ್ದಿದೆ' ಎಂದು ಒಬ್ಬ ಹೆಣ್ಣುಮಗಳಿಗೆ ಹತ್ತು ಜನರ ಎದುರು ಹೇಳಿದಾಗ, 'ಹಾಲು ಎಷ್ಟು ಬಿಸಿ ಇತ್ತು? ಕಲಕಿ ತೆಗೆದಿರಾ? ಇನ್ನೊಂದು ಸಲ ಅಳೆಯಿರಿ' ಎಂದು ಕೇಳುವ ಮಗ ಅಥವಾ ಮಗಳು ಪಕ್ಕದಲ್ಲಿದ್ದರೆ ಆಕೆಯ ಮರ್ಯಾದೆ ಉಳಿಯುತ್ತದೆ. ಆ ಮಗ ಪಿಯುಸಿಯಲ್ಲಿ 'ಉತ್ತರಕ್ಕೆ ಸರಿಯಾಗಿ ರೀಡಿಂಗ್' ಹಾಕಲು ಕಲಿತಿದ್ದರೆ ಸುಮ್ಮನೆ ತಲೆತಗ್ಗಿಸುತ್ತಾನೆ. ಇಲ್ಲವೇ ಜಗಳಕ್ಕೆ ನಿಲ್ಲುತ್ತಾನೆ. ಎರಡರಿಂದಲೂ ಹಾಲಿನ ದುಡ್ಡು ಬರುವುದಿಲ್ಲ.

ಮಣ್ಣು ಪರೀಕ್ಷೆ ನೋಡಿ. 2015ರಿಂದ ಮಣ್ಣು ಆರೋಗ್ಯ ಕಾರ್ಡ್ ಕೊಡುತ್ತಿದ್ದಾರೆ. ತಿಪ್ಪೆ ಪಕ್ಕದಲ್ಲಿ, ಬದುವಿನ ಮೇಲೆ, ಮರದ ಬುಡದಲ್ಲಿ ಮಣ್ಣು ತೆಗೆಯಬಾರದು. ಹೊಲದ ನಾಲ್ಕಾರು ಕಡೆ ಗುಂಡಿ ತೋಡಿ ಮಣ್ಣು ತೆಗೆದು ಬೆರೆಸಬೇಕು. ತಿಪ್ಪೆ ಪಕ್ಕದ ಒಂದು ಹಿಡಿ ಮಣ್ಣು ಕಳಿಸಿ 'ನಮ್ಮ ಹೊಲದಲ್ಲಿ ಸಾರ ಭರ್ತಿ ಇದೆ' ಎಂದು ಕಾರ್ಡು ಬಂದರೆ ತಪ್ಪು ಲ್ಯಾಬಿನದ್ದಲ್ಲ. ಸ್ಯಾಂಪಲ್ ಅಂದರೇನು, ಅದು ಇಡೀ ಹೊಲದ ಪರವಾಗಿ ಮಾತಾಡಬೇಕು ಅಂದರೇನು ಎಂದು ಮಕ್ಕಳಿಗೆ ಪರೀಕ್ಷೆಯಲ್ಲಿ ಕೇಳಿದ್ದರೆ ಇದು ಮನೆಮನೆಗೂ ಗೊತ್ತಿರುತ್ತಿತ್ತು.

ಔಷಧಿ ಅಂಗಡಿಯ ಟಾನಿಕ್ ಕತೆ ಎಲ್ಲರಿಗೂ ಗೊತ್ತು. ಏಜೆಂಟ್ ಬರುತ್ತಾನೆ, ಫೋಟೊ ತೋರಿಸುತ್ತಾನೆ. 'ಇದು ನಮ್ಮ ಟಾನಿಕ್ ಹೊಡೆದ ಟೊಮೆಟೊ, ಇದು ಹೊಡೆಯದ್ದು.' ಒಂದು ತೋಟ ಕೊಳವೆಬಾವಿ ಪಕ್ಕ, ಇನ್ನೊಂದು ಮಳೆ ನಂಬಿದ ಹೊಲ. ಒಂದಕ್ಕೆ ಹೊಸ ತಳಿ, ಇನ್ನೊಂದಕ್ಕೆ ಹಳೆಯದು. ನೀರು ಬೇರೆ, ತಳಿ ಬೇರೆ, ಮಣ್ಣು ಬೇರೆ. ಇಷ್ಟೆಲ್ಲ ಬೇರೆ ಇದ್ದಾಗ ಬೆಳೆ ಚೆನ್ನಾಗಿ ಬಂದದ್ದು ಟಾನಿಕ್ಕಿನಿಂದ ಎಂದು ಹೇಗೆ ಹೇಳುವುದು? ಒಂದೇ ಹೊಲ, ಒಂದೇ ತಳಿ, ಒಂದೇ ನೀರು. ಅರ್ಧ ಸಾಲಿಗೆ ಹೊಡಿ, ಅರ್ಧ ಸಾಲಿಗೆ ಬಿಡು. ಆಮೇಲೆ ತೂಗು. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಡಬೇಕು ಎಂಬುದು ಏಳನೇ ತರಗತಿಯ ಮಗುವಿಗೂ ಅರ್ಥವಾಗುವ ಮಾತು. ಅದು ಗೊತ್ತಿಲ್ಲದೆ ಎಷ್ಟು ಮನೆಗಳು ಸಾಲ ಮಾಡಿ ಬಾಟಲಿ ಕೊಂಡಿವೆ ಎಂಬುದನ್ನು ನಾವು ಊರೂರು ಸುತ್ತುವಾಗ ನೋಡಿದ್ದೇವೆ.

ಸಂವಿಧಾನದಲ್ಲಿ ನಮಗೆಲ್ಲ ಒಂದು ಕರ್ತವ್ಯ ಹೇಳಿದೆ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ 51ಎ ವಿಧಿಯ ಪ್ರಕಾರ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯ. ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಿ ನೋಡಲು ಸಮಿತಿ ಮಾಡಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದ ಫಿಸಿಕ್ಸ್ ಮೇಷ್ಟ್ರು ಅವರು. ಪವಾಡ ಮಾಡುತ್ತೇನೆ ಅನ್ನುವವರನ್ನು ಅವರು ಬೈಯಲು ಹೋಗಲಿಲ್ಲ. ಎಲ್ಲರ ಎದುರು, ನಾವು ಹೇಳಿದ ಷರತ್ತಿನಲ್ಲಿ ಮಾಡಿ ತೋರಿಸಿ ಎಂದರು. ಲ್ಯಾಬಿನ ಪಾಠವನ್ನು ಊರ ನಡುವೆ ತಂದಿಟ್ಟರು. ಅವರ ಹೆಸರು ಹೇಳಿ ಭಾಷಣ ಮಾಡುವ ನಾವು, ಅದೇ ಫಿಸಿಕ್ಸ್ ಲ್ಯಾಬಿನಲ್ಲಿ ಮಕ್ಕಳಿಗೆ ನಕಲು ಮಾಡಲು ಬಿಟ್ಟಿದ್ದೇವೆ.

ಈಗ ಎದುರು ಮಾತು ಕೇಳೋಣ. ಈ ವಿಷಯ ಎತ್ತಿದಾಗ ಲೆಕ್ಚರರ್ ಒಬ್ಬರು ನಮ್ಮನ್ನು ಕೂರಿಸಿಕೊಂಡು ಸಮಾಧಾನವಾಗಿ ಹೇಳಿದ್ದು ಇಷ್ಟು. "ಒಂದು ಬ್ಯಾಚಿಗೆ ನಲವತ್ತು ಮಕ್ಕಳು. ನೆಟ್ಟಗಿರುವ ಸ್ಟಾಪ್‌ವಾಚ್ ಮೂರು. ಸಿಲಬಸ್ ಮುಗಿಸಬೇಕು, ರಿಸಲ್ಟ್ ಕೊಡಬೇಕು. ಹಳ್ಳಿಯಿಂದ ಬರೋ ಮಕ್ಕಳಿಗೆ ಥಿಯರಿ ಕಷ್ಟ. ಆ ಮೂವತ್ತು ಮಾರ್ಕ್ಸೇ ಅವರನ್ನ ದಡ ಸೇರಿಸೋದು. ನೀವು ಪೇಪರ್‌ನಲ್ಲಿ ಬರೆದು ಅದನ್ನೂ ಕಿತ್ತುಕೊಳ್ಳಬೇಡಿ."

ಅವರ ಮಾತಿನಲ್ಲಿ ಸುಳ್ಳಿಲ್ಲ. ಖಾಲಿ ಹುದ್ದೆ, ಅತಿಥಿ ಉಪನ್ಯಾಸಕರ ಪಾಡು, ತುಕ್ಕು ಹಿಡಿದ ಉಪಕರಣ, ಇವನ್ನೆಲ್ಲ ನಾವೇ ಎಷ್ಟೋ ಸಲ ಸುದ್ದಿ ಮಾಡಿದ್ದೇವೆ. ಮಕ್ಕಳ ಆ ಮೂವತ್ತು ಅಂಕಕ್ಕೆ ಕೈ ಹಾಕಿ ಎಂದು ನಾವು ಹೇಳುತ್ತಿಲ್ಲ. ಆ ಅಂಕ ಯಾವುದಕ್ಕೆ ಕೊಡುತ್ತೀರಿ ಎಂಬುದನ್ನು ಬದಲಿಸಿ ಎನ್ನುತ್ತಿದ್ದೇವೆ. ಉತ್ತರ 9.8 ಬಂದದ್ದಕ್ಕೆ ಕೊಡುವ ಅಂಕವನ್ನು, ಉತ್ತರ 9.42 ಬಂದಾಗ 'ಯಾಕೆ ಹೀಗಾಯಿತು' ಎಂದು ಎರಡು ಸಾಲು ಬರೆದ ಮಗುವಿಗೆ ಕೊಡಿ. ಖರ್ಚು ಒಂದು ರೂಪಾಯಿಯೂ ಇಲ್ಲ. ನಲವತ್ತು ಮಕ್ಕಳಿಗೆ ಮೂರು ಸ್ಟಾಪ್‌ವಾಚ್ ಇದ್ದರೆ ಗುಂಪು ಮಾಡಿ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅದರಲ್ಲೂ ಸ್ಟಾಪ್‌ವಾಚ್ ಇದೆ. ದಾರಕ್ಕೆ ಕಟ್ಟಲು ಗುಂಡು ಇಲ್ಲದಿದ್ದರೆ ದೊಡ್ಡ ನಟ್ಟು ಸಾಕು.

ಹಳ್ಳಿ ಮಕ್ಕಳಿಗೆ ಥಿಯರಿ ಕಷ್ಟ ಎನ್ನುವ ಮಾತಿಗೂ ಒಂದು ಉತ್ತರ ಇದೆ. ಅಂಕಿ ನೋಡಿ ಅನುಮಾನ ಪಡುವುದು, ಹೋಲಿಸಿ ನೋಡುವುದು ಹಳ್ಳಿ ಮಕ್ಕಳಿಗೆ ಹೊಸದಲ್ಲ. ಯಾವ ಹಸು ಎಷ್ಟು ಹಾಲು ಕೊಡುತ್ತದೆ, ಯಾವ ಮಳೆಗೆ ಎಷ್ಟು ಹದ ಆಗುತ್ತದೆ, ಯಾವ ವ್ಯಾಪಾರಿಯ ತಕ್ಕಡಿ ಎಷ್ಟು ಹೊಡೆಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಬಾಯಿಪಾಠದ ಪ್ರಶ್ನೆಯಲ್ಲಿ ಟ್ಯೂಷನ್ ಇರುವ ಪೇಟೆ ಮಗು ಮುಂದೆ ಹೋಗುತ್ತದೆ. ಯೋಚಿಸುವ ಪ್ರಶ್ನೆ ಕೇಳಿ ನೋಡಿ, ಹಸು ಕಟ್ಟಿ ಬಂದ ಮಗು ಹಿಂದೆ ಬೀಳುವುದಿಲ್ಲ.

ಹೊರಗಿನ ಪ್ರಪಂಚ ಇಂಥ ಪ್ರಶ್ನೆಗಳನ್ನು ಆಗಲೇ ಕೇಳುತ್ತಿದೆ. ಹದಿನೈದು ವರ್ಷದ ಮಕ್ಕಳಿಗೆ ಅನೇಕ ದೇಶಗಳಲ್ಲಿ ನಡೆಯುವ ಪೀಸಾ ಎಂಬ ಪರೀಕ್ಷೆ ಇದೆ. ಅದರ ವಿಜ್ಞಾನ ಭಾಗದಲ್ಲಿ ಕೋಷ್ಟಕ, ನಕ್ಷೆ ಕೊಟ್ಟು ಇದರಿಂದ ಏನು ಹೇಳಬಹುದು, ಏನು ಹೇಳಲಾಗದು, ಪ್ರಯೋಗವನ್ನು ಹೀಗೆ ಯಾಕೆ ಮಾಡಿದರು ಎಂದು ಕೇಳುತ್ತಾರೆ. 2009ರ ಸುತ್ತಿನಲ್ಲಿ ನಮ್ಮ ದೇಶದಿಂದ ತಮಿಳುನಾಡು, ಹಿಮಾಚಲ ಪ್ರದೇಶ ಎರಡು ರಾಜ್ಯಗಳು ಭಾಗವಹಿಸಿದವು. ಎರಡೂ ಪಟ್ಟಿಯ ಕೊನೆಯಲ್ಲಿ ಬಂದವು. ಓದಿನಲ್ಲಿ ಮುಂದಿರುವ ರಾಜ್ಯಗಳೆಂದೇ ಅವೆರಡಕ್ಕೂ ಹೆಸರು. ಪ್ರಶ್ನೆಯ ರೀತಿ ನಮ್ಮ ಮಕ್ಕಳಿಗೆ ಹೊಂದುವುದಿಲ್ಲ ಎಂಬ ಮಾತು ಆಗ ಬಂತು. ಇರಬಹುದು. ಆದರೆ ಕನ್ನಡಿ ಒರೆಸಿದರೆ ಮುಖದ ಮಸಿ ಹೋಗುವುದಿಲ್ಲ.

ನಮ್ಮಲ್ಲೇ ಒಳ್ಳೆಯ ದಾರಿಯೂ ಇದೆ. 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಡೆಯುತ್ತಿದೆ. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮೂರಿನದೇ ಒಂದು ಸಮಸ್ಯೆ ಆರಿಸಿಕೊಂಡು, ತಾವೇ ಅಳೆದು, ತಾವೇ ವರದಿ ಮಾಡಬೇಕು. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದಕ್ಕೆ ದುಡಿದಿದೆ. ಊರಿನ ಕೆರೆಯ ನೀರು ವಾರವಾರ ಎಷ್ಟು ಇಳಿಯಿತು ಎಂದು ಕೋಲು ನೆಟ್ಟು ಅಳೆದ ಮಗುವಿಗೆ ಉತ್ತರ ಮೊದಲೇ ಗೊತ್ತಿರುವುದಿಲ್ಲ. ನಕಲು ಮಾಡಲು ಸೀನಿಯರ್ ರೆಕಾರ್ಡೂ ಇರುವುದಿಲ್ಲ. ಹಾಗಾಗಿ ಅಳೆಯಲೇಬೇಕು. ಇದು ಕೆಲವೇ ಮಕ್ಕಳಿಗೆ ಸಿಗುವ ಅವಕಾಶ ಆಗಿರುವುದೇ ಬೇಸರ. ಉಳಿದ ಕಡೆ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಅಡಿಗೆ ಸೋಡಾ ಹಾಕಿ ಜ್ವಾಲಾಮುಖಿ ಉಕ್ಕಿಸಿ ಫೋಟೊ ತೆಗೆದರೆ ಮುಗಿಯಿತು. ಆ ಫೋಟೊ ಪೇಪರಿಗೆ ಹಾಕಿದವರಲ್ಲಿ ನಾವೂ ಇದ್ದೇವೆ.

ಹಾಗಾದರೆ ಏನು ಮಾಡಬೇಕು? ನಮಗೆ ತೋಚಿದ್ದು ನಾಲ್ಕು.

ಒಂದು, ರೀಡಿಂಗನ್ನು ಲ್ಯಾಬಿನಲ್ಲೇ, ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಅಳಿಸಬಾರದು. ಕೆಳಗಿನ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಬೇಕು. ಹೊಂದದ ರೀಡಿಂಗನ್ನು ಕಾರಣ ಹೇಳದೆ ಬಿಟ್ಟುಬಿಡುವುದೂ ಮೋಸವೇ. ಪಂಚಾಯಿತಿ ಲೆಕ್ಕದ ಪುಸ್ತಕಕ್ಕೆ ವೈಟ್ನರ್ ಹಚ್ಚಿದರೆ ನಾವು ಒಪ್ಪುತ್ತೇವೆಯೇ? ಇದೂ ಅಷ್ಟೇ.

ಎರಡು, ಉತ್ತರ ಗೊತ್ತಿಲ್ಲದ ಪ್ರಯೋಗ ಕೊಡಬೇಕು. ಓಮ್ ನಿಯಮದ ಪ್ರಯೋಗದಲ್ಲಿ ಪ್ರತಿ ಮೇಜಿಗೂ ಬೇರೆ ಬೇರೆ ತಂತಿ ಕೊಟ್ಟು, ಅದರ ಬೆಲೆ ಮೇಷ್ಟ್ರಿಗೆ ಮಾತ್ರ ಗೊತ್ತಿದ್ದರೆ ಸಾಕು. ಪಕ್ಕದ ಮೇಜಿನದು ನಕಲು ಮಾಡಿದರೆ ಉಪಯೋಗವಿಲ್ಲ.

ಮೂರು, ಲಿಖಿತ ಪರೀಕ್ಷೆಯಲ್ಲೇ ಒಂದು ಕೋಷ್ಟಕ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳಬೇಕು. ಇದಕ್ಕೆ ಲ್ಯಾಬೂ ಬೇಡ, ಉಪಕರಣವೂ ಬೇಡ. ಲ್ಯಾಬೇ ಇಲ್ಲದ ಹೈಸ್ಕೂಲಿನ ಮಗುವಿಗೂ ಆಗುತ್ತದೆ. ಪಠ್ಯಪುಸ್ತಕದ ಹಿಂದಿನ ಕೋಷ್ಟಕವನ್ನೇ ಕೊಡಬಾರದು, ಹೊಸದಿರಬೇಕು.

ನಾಲ್ಕನೆಯದು ನಮ್ಮ ನಿಮ್ಮ ಕೈಯಲ್ಲಿದೆ. ಶಾಲೆಯ ಎಸ್‌ಡಿಎಂಸಿ ಸಭೆಗೆ, ಕಾಲೇಜಿನ ಪೋಷಕರ ಸಭೆಗೆ ಹೋದಾಗ 'ಎಷ್ಟು ಪರ್ಸೆಂಟ್ ರಿಸಲ್ಟ್' ಎಂದು ಮಾತ್ರ ಕೇಳಬೇಡಿ. 'ಈ ವರ್ಷ ಮಕ್ಕಳು ಎಷ್ಟು ಪ್ರಯೋಗ ತಾವೇ ಕೈಯಾರೆ ಮಾಡಿದರು?' ಎಂದೂ ಕೇಳಿ. ಮನೆಯಲ್ಲಿ ಮಗುವಿನ ರೆಕಾರ್ಡ್ ತೆಗೆದು, ಯಾವುದಾದರೂ ಒಂದು ಅಂಕಿ ತೋರಿಸಿ 'ಇದು ಹೇಗೆ ಬಂತು ಪುಟ್ಟಾ?' ಎಂದು ಕೇಳಿ. ಬೈಯಲು ಹೋಗಬೇಡಿ. ಸುಮ್ಮನೆ ಕೇಳಿ. ನಿಮಗೆ ಓದಲು ಬರದಿದ್ದರೂ ಈ ಪ್ರಶ್ನೆ ಕೇಳಬಹುದು.

ಈ ಕೆಳಗಿನ ಎರಡು ಪ್ರಶ್ನೆಗಳನ್ನೂ ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಕ್ಕಳಿಗೆ ಕೇಳಿ ನೋಡಿ.

ಮೊದಲನೆಯದು: ಒಂದೇ ಹಸುವಿನ ಒಂದೇ ಹೊತ್ತಿನ ಹಾಲು. ಕರೆದ ಕೂಡಲೇ ಅಳೆದಾಗ ಡಿಗ್ರಿ 26 ಬಂತು. ತಣ್ಣಗಾದ ಮೇಲೆ 28 ಬಂತು. ನಡುವೆ ಯಾರಾದರೂ ಹಾಲಿಗೆ ಏನಾದರೂ ಬೆರೆಸಿದರೇ? ಬೆರೆಸಿಲ್ಲ ಎಂದು ಹೇಗೆ ಸಾಬೀತು ಮಾಡುತ್ತೀರಿ?

ಎರಡನೆಯದು: ಅಕ್ಕ ಒಂದು ಕುಂಡದಲ್ಲಿ ಅವರೆ ಬೀಜ ಹಾಕಿ ಬಿಸಿಲಿಗಿಟ್ಟು ಗೊಬ್ಬರ ಹಾಕಿದಳು. ತಮ್ಮ ಇನ್ನೊಂದು ಕುಂಡದಲ್ಲಿ ಹಾಕಿ ನೆರಳಿಗಿಟ್ಟ, ಗೊಬ್ಬರ ಹಾಕಲಿಲ್ಲ. ಅಕ್ಕನ ಗಿಡ ಚೆನ್ನಾಗಿ ಬಂತು. 'ಗೊಬ್ಬರದಿಂದ' ಎಂದಳು ಅಕ್ಕ. ಅವಳ ಮಾತು ಒಪ್ಪಬಹುದೇ? ಒಪ್ಪಬೇಕಾದರೆ ಇನ್ನೆಷ್ಟು ಕುಂಡ ಬೇಕು?

ಎರಡನೆಯದಕ್ಕೆ ಉತ್ತರವಾಗಿ ಮಗು 'ಬಿಸಿಲಲ್ಲೇ ಗೊಬ್ಬರ ಹಾಕದ ಒಂದು, ನೆರಳಲ್ಲಿ ಗೊಬ್ಬರ ಹಾಕಿದ ಒಂದು ಇಡಬೇಕು' ಎಂದರೆ ಬೆನ್ನು ತಟ್ಟಿ. 'ಒಂದೊಂದೇ ಕುಂಡ ಸಾಲದು, ನಾಲ್ಕು ನಾಲ್ಕು ಇಡಬೇಕು' ಎಂದರೆ ಒಂದು ಹೋಳಿಗೆ ಜಾಸ್ತಿ ಬಡಿಸಿ.

ನಮ್ಮ ಕಸುಬಿಗೂ ಇದು ಪಾಠವೇ. ಇಲಾಖೆಯವರು ಕೊಟ್ಟ ಪ್ರೆಸ್ ನೋಟಿನ ಅಂಕಿಯನ್ನು ಹಾಗೇ ಇಳಿಸಿ ಕಳಿಸುವಾಗ ನಾವು ಮಾಡುವುದು ಆ ಹುಡುಗನ ಕೆಲಸವನ್ನೇ. ಯಾರು ಅಳೆದರು, ಎಲ್ಲಿ ಅಳೆದರು, ಎಷ್ಟು ಸಲ ಅಳೆದರು ಎಂದು ಕೇಳುವ ಅಭ್ಯಾಸ ಲ್ಯಾಬಿನಲ್ಲಿ ಕಲಿಯಬೇಕಿತ್ತು. ಕಲಿಯಲಿಲ್ಲ. ಈಗ ಊರೂರು ಸುತ್ತಿ, ತಪ್ಪು ಸುದ್ದಿ ಬರೆದು ಬೈಸಿಕೊಂಡು ಕಲಿಯುತ್ತಿದ್ದೇವೆ.

ಅವತ್ತು ಬಸ್ ಬರುವ ಮೊದಲು ಆ ಹುಡುಗನ ಮುಂದೆ ಅವನ ಐದು ಅಂಕಿಗಳನ್ನು ನಮ್ಮ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆವು. ಏನೂ ಹೇಳಲಿಲ್ಲ. ಅವನು ಸ್ವಲ್ಪ ಹೊತ್ತು ನೋಡಿದ. 44.2ರ ಮೇಲೆ ಬೆರಳಿಟ್ಟ. "ಇದರಲ್ಲಿ ಎರಡು ಜಾಸ್ತಿ ಎಣಿಸಿದೀನಿ ಸಾರ್" ಎಂದ. ಮೊಬೈಲ್ ತೆಗೆದು ತಾನೇ ಲೆಕ್ಕ ಹಾಕಿದ. 9.81 ಬಂದಾಗ ಅವನ ಮುಖ ನೋಡಬೇಕಿತ್ತು.

"ಹಂಗಾದ್ರೆ ನಂದು ಸರಿ ಇತ್ತಲ್ವಾ ಸಾರ್?"

ಆ ಪ್ರಶ್ನೆಯನ್ನು ಅವನು ನಮ್ಮ ಬಳಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಬಾರದಿತ್ತು. ಅವನ ಪರೀಕ್ಷೆ ಅವನಿಗೆ ಅದನ್ನು ಕೇಳಬೇಕಿತ್ತು.